ತಲೆಕೆಳಗಾದ ಫೋಟೊದ ಪಾದಗಳು

ಪರ್ತ್‌ನ ವಿಶ್ವವಿದ್ಯಾಲಯವೊಂದರಲ್ಲಿ ನಾನು ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತೇನೆ. ತಂಡ ಗೆಲ್ಲುತ್ತಲೇ ಬಂದಿದೆ. ಅದಕ್ಕೆ ಕಾರಣ ನನ್ನ ಹಳೆಯ ಫೋಟೊ ಎಂದು ಹುಡುಗಿಯರ ನಂಬಿಕೆ. ಮೈಸೂರಿನ ಕಾಲೇಜು ದಿನಗಳ ಆ ಚಿತ್ರದಲ್ಲಿ ಹುಡುಗಿಯೊಬ್ಬಳು ಬೀಮ್ ಎಂಬ ಕಿರಿದಾದ ಹಲಗೆಯ ಮೇಲೆ ಕೈಯೂರಿ ತಲೆಕೆಳಗಾಗಿ ನಿಂತಿದ್ದಾಳೆ. ಮುಖ ತೋಳಿನ ಮರೆಯಲ್ಲಿದೆ. ಅದು ನಾನೇ ಎಂದು ಹೇಳುತ್ತಾ ಬಂದಿದ್ದೇನೆ. ಅಂಗೈಗೆ ಒತ್ತಿದ ಆ ಹಲಗೆ ನನಗಿನ್ನೂ ನೆನಪಿದೆ. ಹಿರಿಯರ ಕಾಲು ಮುಟ್ಟುವ ನಮ್ಮ ಪದ್ಧತಿಯನ್ನು ಒಮ್ಮೆ ವಿವರಿಸಿದ್ದೇ ತಡ, ಪ್ರತಿ ಸ್ಪರ್ಧೆಗೂ ಮುನ್ನ ಎಲ್ಲರೂ ಫೋಟೊದ ಪಾದ ಮುಟ್ಟತೊಡಗಿದರು. ಪಾದ ಮೇಲಿರುವುದರಿಂದ ಬಗ್ಗುವ ಕಷ್ಟವೂ ಇಲ್ಲ.

ಅಡಿಲೇಡ್‌ನ ಫೈನಲ್‌ಗೂ ಫೋಟೊ ಒಯ್ದಿದ್ದೆವು. ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿ ಡಾಕ್ಟರಾಗಿರುವ ನನ್ನ ಹಳೆಯ ಹಾಸ್ಟೆಲ್ ಗೆಳತಿ ನೋಡಲು ಬಂದವಳು, ಹುಡುಗಿಯರೆಲ್ಲ ಮುಟ್ಟಿಹೋದ ಚಿತ್ರದ ಪಾದವನ್ನೇ ದಿಟ್ಟಿಸಿದಳು.

“ಆ ಸುಟ್ಟ ಕಲೆ ನೋಡು. ಅದು ನನ್ನ ಕಾಲು ಕಣೇ. ನೀನು ಫೋಟೊ ತೆಗ್ದೋಳು.”

ನೆನಪು ನನಗೆ ಮೋಸ ಮಾಡಿತೋ, ಅದಕ್ಕೆ ಮೋಸ ಕಲಿಸಿದವಳು ನಾನೋ, ತಿಳಿಯದು.

“ಹುಡುಗೀರಿಗೆ ಹೇಳ್ಬೇಡ ಕಣೇ,” ಎಂದೆ. “ಇನ್ನೇನು ಬೀಮ್ ಹತ್ತಬೇಕು, ಧೈರ್ಯ ಹೋಗ್ಬಿಡುತ್ತೆ.”

“ಹೇಳಲ್ಲ ಬಿಡು.” ಅವಳು ಚಪ್ಪಲಿ ಕಳಚಿ ಅದೇ ಕಲೆಯಿದ್ದ ಎಡಗಾಲು ಚಾಚಿದಳು. “ಮುಟ್ಟು. ನೀನೊಬ್ಳೇ ಇನ್ನೂ ಮುಟ್ಟಿಲ್ಲ.”

ಬಗ್ಗಿ ಮುಟ್ಟಿದೆ. ಎದ್ದು ತಿರುಗಿದರೆ ತಂಡವೆಲ್ಲ ನನ್ನ ಹಿಂದೆ ಸದ್ದಿಲ್ಲದೆ ಸಾಲಾಗಿ ನಿಂತಿತ್ತು. ಗೆಳತಿ ಬಲು ಗಂಭೀರವಾಗಿ ಒಬ್ಬೊಬ್ಬರನ್ನೂ ಆಶೀರ್ವದಿಸಿದಳು.

ಗೆದ್ದೆವು. ಫೋಟೊ ಈಗ ಯಾರಿಗೂ ಬೇಡ. ಬ್ರಿಸ್ಬೇನ್ ಸ್ಪರ್ಧೆಗೆ ಆ ಆಂಟಿ ಬರುತ್ತಾರಾ ಎಂದು ಕೇಳುತ್ತಿದ್ದಾರೆ.