ಮಗಳ ವಾರ ಬಿಡಿಸಿದ ಜಟ್ಟೆಮ್ಮ

ಜಟ್ಟೆಮ್ಮನ ನಾಲಿಗೆ ಎಂಥದ್ದು ಎಂಬುದು ಜೋಗುಪಾಳ್ಯದ ಆ ವಠಾರಕ್ಕೆಲ್ಲ ಗೊತ್ತಿತ್ತು. ನಲ್ಲಿಯ ಹತ್ತಿರ ಸರದಿ ತಪ್ಪಿಸಿದವರಿಗೆ ಅವಳು ಎತ್ತುವ ಮಂಗಳಾರತಿ ಪಕ್ಕದ ಬೀದಿಗೂ ಕೇಳುತ್ತಿತ್ತು. ಅಂಥವಳೂ ಗೋಡೆಯ ಮೇಲಿನ ಹುಲಿಗೆಮ್ಮನ ಪಟದ ಮುಂದೆ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಲಿಂಗಸುಗೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಇಂದಿರಾನಗರದ ದೊಡ್ಡ ದೊಡ್ಡ ಮನೆಗಳಿಗೆ ಇಟ್ಟಿಗೆ ಹೊತ್ತವಳು ತನ್ನ ಬಾಡಿಗೆ ಕೋಣೆಗೆ ಮೊದಲು ತಂದದ್ದೇ ಆ ಪಟವನ್ನು.

ತೊಂಬತ್ತೇಳರಲ್ಲಿ ಮಗಳು ಸುಜಾತಾ ಎಸ್ಸೆಸ್ಸೆಲ್ಸಿಗೆ ಬಂದಳು. ಗಂಡ ಅಮರಪ್ಪ ಅಂದೇ ಷರತ್ತು ಹಾಕಿದ್ದ. ಪಾಸಾದರೆ ಕಾಲೇಜು, ಫೇಲಾದರೆ ಊರಲ್ಲಿರುವ ತನ್ನ ಅಕ್ಕನ ಮಗನ ಜೊತೆ ಮದುವೆ. ಹದಿನೈದರ ಹುಡುಗಿಗೆ ಮದುವೆ! ಹೇಗಾದರೂ ಪಾಸಾಗಲೆಂದು ಜಟ್ಟೆಮ್ಮನೇ ಮಗಳಿಗೆ ದೇವಿಯ ವಾರ ಹಿಡಿಸಿದಳು. ಮಂಗಳವಾರ, ಶುಕ್ರವಾರ ಸಂಜೆ ಪೂಜೆಯಾಗುವ ತನಕ ನೀರು ಬಿಟ್ಟು ಬೇರೇನೂ ಬಾಯಿಗಿಡುವಂತಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಲೆಕ್ಕದಲ್ಲಿ ಫೇಲು. ಭಕ್ತಿ ಸಾಲದಾಯಿತೇನೋ ಎಂದು ತಾಯಿ ಸೋಮವಾರವನ್ನೂ ಸೇರಿಸಿದಳು. ಮುಂದಿನ ಟೆಸ್ಟಿನಲ್ಲಿ ವಿಜ್ಞಾನವೂ ಕೈಕೊಟ್ಟಿತು. ಗುರುವಾರವೂ ಸೇರಿತು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ? ಬೆಳೆಯುವ ಹುಡುಗಿ ಬೆಳಗಿನ ರೊಟ್ಟಿಯ ಮುಖ ನೋಡುವುದೇ ಅಪರೂಪವಾಯಿತು. ನಗುನಗುತ್ತಿದ್ದವಳು ಮಾತುಮಾತಿಗೆ ಸಿಡುಕತೊಡಗಿದಳು, ಕಾರಣವಿಲ್ಲದೆ ಅಳತೊಡಗಿದಳು.

ಕಡೆಗೆ ಹಲಸೂರಿನ ಶಾಲೆಯಿಂದ ಕರೆ ಬಂತು. ಲೆಕ್ಕದ ಟೀಚರ್ ಪ್ರಿಯದರ್ಶಿನಿ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು.

"ಜಟ್ಟೆಮ್ಮೋರೇ, ಬುಧವಾರ ಇವ್ಳೇ ಬೋರ್ಡ್ ಮೇಲೆ ಲೆಕ್ಕ ಮಾಡಿ ಎಲ್ರಿಗೂ ತೋರಿಸ್ತಾಳೆ. ಮಾರನೇ ದಿನ ಅದೇ ಲೆಕ್ಕ ಕೊಟ್ರೆ ಡೆಸ್ಕ್ ಮೇಲೆ ತಲೆ ಇಟ್ಬಿಡ್ತಾಳೆ. ಇವತ್ತು ಪ್ರೇಯರ್‌ನಲ್ಲಿ ತಲೆ ಸುತ್ತಿ ಬಿದ್ಲು. ಬೆಳಗ್ಗೆ ತಿಂಡಿಗೆ ಏನ್ ಕೊಡ್ತೀರಿ?"

ಜಟ್ಟೆಮ್ಮ ಬೆರಳು ಮಡಚಿ ವಾರಗಳನ್ನು ಎಣಿಸಿದಳು. ಬುಧವಾರವೆಂದರೆ ಮಗಳು ತಿಂದು ಹೋಗುವ ದಿನ. ಮನೆಯ ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ಹಸಿದ ಹೊಟ್ಟೆಯಲ್ಲಿ ತಾನು ಒಂದು ಬುಟ್ಟಿ ಮರಳು ಎತ್ತಲಾರಳು, ಮಗಳು ಮಾತ್ರ ಪಾಠ ಕಲಿಯಬೇಕಿತ್ತೇ?

ಮರುದಿನ ಶುಕ್ರವಾರ. ಜಟ್ಟೆಮ್ಮ ಬೆಳಗ್ಗೆಯೇ ರೊಟ್ಟಿ ಬಡಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಮಗಳ ಮುಂದಿಟ್ಟಳು. ಸುಜಾತಾ ತಾಟನ್ನು ಹಿಂದಕ್ಕೆ ತಳ್ಳಿದಳು.

"ಯವ್ವಾ, ಇವತ್ತು ಶುಕ್ರಾರ! ದೇವಿ ಸಿಟ್ಟಾಗಿ ನಾ ಫೇಲಾದ್ರ?"

ಅಮರಪ್ಪನೂ ಎದ್ದು ಕೂತ. "ದೇವ್ರ ಕೂಡ ಜಿದ್ದಿಗೆ ಬಿದ್ದಿಯೇನು? ಹುಡುಗಿ ಫೇಲಾದ್ರ ಮದಿವಿ ತಪ್ಪಂಗಿಲ್ಲ, ನೆನಪಿಟ್ಕೋ."

ಜಟ್ಟೆಮ್ಮ ಗಂಡನ ಕಡೆ ತಿರುಗಲೇ ಇಲ್ಲ. ರೊಟ್ಟಿ ಹಿಡಿದೇ ಪಟದ ಮುಂದೆ ನಿಂತಳು.

"ನೀನೂ ತಾಯಿ, ನಾನೂ ತಾಯಿ. ನನ್ನ ಮಗಳು ಹಸದು ಬಿದ್ರ ನಿನ್ನ ಹೊಟ್ಟಿ ತುಂಬತೈತೇನು? ತುಂಬೂದಾದ್ರ ನನಗ ನೀ ಬ್ಯಾಡ. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋ. ನೋಡು, ಮೊದಲ ನಾನ ತಿಂತೀನಿ!"

ದೊಡ್ಡ ತುತ್ತೊಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ಭಯವಿತ್ತು. ಆದರೂ ಅಗಿದು ನುಂಗಿದಳು. ಪಟ ಬೀಳಲಿಲ್ಲ, ದೀಪ ಆರಲಿಲ್ಲ. ಸುಜಾತಾ ಅಳುತ್ತಲೇ ತಾಟನ್ನು ಹತ್ತಿರಕ್ಕೆಳೆದುಕೊಂಡಳು.

ವಠಾರ ಆಡಿಕೊಂಡಿತು, ಊರಿನ ನೆಂಟರು ಕೆಟ್ಟದ್ದಾಗುತ್ತದೆಂದು ಹೇಳಿ ಕಳಿಸಿದರು. ಜಟ್ಟೆಮ್ಮ ಯಾರಿಗೂ ಕ್ಯಾರೇ ಅನ್ನಲಿಲ್ಲ. ಯಾವ ವಾರವಾದರೂ ಒಲೆಯ ಮೇಲೆ ಹಂಚು ಕಾಯುತ್ತಿತ್ತು. ಹುಡುಗಿಯ ಮುಖಕ್ಕೆ ಕಳೆ ಬಂತು, ಸಿಡುಕು ಹೋಯಿತು. ಎಸ್ಸೆಸ್ಸೆಲ್ಸಿಯ ಲೆಕ್ಕದ ಪರೀಕ್ಷೆ ಮಂಗಳವಾರವೇ ಬಂದಾಗ ಅವಳೇ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.

ಸುಜಾತಾ ಪಾಸಾದಳು. ಅಮರಪ್ಪ ತೆಂಗಿನಕಾಯಿ ಹಿಡಿದು ಬಂದ. "ನೀ ಅಷ್ಟು ಬೈದ್ರೂ ಆಕಿ ಕೈ ಬಿಡಲಿಲ್ಲ ನೋಡು. ಎಲ್ಲಾ ಆಕಿ ದಯಾ."

"ಹೌದ್ರಿ, ಆಕಿ ದಯಾನ," ಎಂದಳು ಜಟ್ಟೆಮ್ಮ. "ಉಂಡೂ ಪಾಸಾದ್ಳು ಅಂದ್ಮ್ಯಾಲ ಆಕಿ ಉಪಾಸ ಬೇಡಿರಲೇ ಇಲ್ಲ. ಹುಡುಗಿನ್ನ ಹಸಿವಿಲೆ ಕೆಡವಿದಾಕಿ ನಾನು. ಇನ್ನ ಮ್ಯಾಲ ದೇವ್ರ ಹೆಸರು ಹೇಳಿ ಯಾರರ ನನ್ನ ಮಗಳ ತಾಟಿಗೆ ಕೈ ಹಾಕಿದ್ರ, ಮೊದಲ ನನ್ನ ಕೂಡ ಮಾತಾಡ್ಲಿ. ನಿಮ್ಮಕ್ಕಗ ಹೇಳಿ ಕಳಸ್ರಿ, ಹುಡುಗಿ ಕಾಲೇಜಿಗೆ ಹೊಂಟಾಳ."