ಐದನೇ ಮಹಡಿಯಲ್ಲಿ ಇಟ್ಟ ಎಡೆ

ಬೆಂಗಳೂರಿನ ಆ ಏಳು ಮಹಡಿಯ ಮಾಲ್ ಕಟ್ಟುವಾಗ ನನ್ನ ತಮ್ಮ ಐದನೇ ಮಹಡಿಯಿಂದ ಬಿದ್ದು ಸತ್ತ. ಈಗ ಅದನ್ನು ನೋಡಲೆಂದೇ ಜನ ಊರೂರುಗಳಿಂದ ಬರುತ್ತಾರೆ. ನನಗೆ ಅದರ ಗೋಡೆಗೆ ಉಗುಳಬೇಕೆನಿಸುತ್ತದೆ.

ಸತ್ತವರಿಗೆ ಎಡೆ ಇಡುವ ಹಿರಿಯರ ಹಬ್ಬಕ್ಕೆ ಅವ್ವ ಹಟ ಹಿಡಿದಳು: "ಈ ಸಲ ಮನಿಯಾಗ ಬ್ಯಾಡ. ಅವ ಕಡೀಗೆ ನಿಂತಿದ್ದಲ್ಲೇ ಇಡಬೇಕು."

ಕೊಟ್ಟೂರಿನಿಂದ ಕಟ್ಟಿಕೊಂಡು ಬಂದಿದ್ದ ಹೋಳಿಗೆಯ ಗಂಟನ್ನು ಸೆಕ್ಯುರಿಟಿಯವನು ಬಾಗಿಲಲ್ಲೇ ತೆಗೆದಿಟ್ಟುಕೊಂಡ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ನಾನು ಎಷ್ಟು ಕೂಗಾಡಿದರೂ ಅವನು ಜಗ್ಗಲಿಲ್ಲ.

ಐದನೇ ಮಹಡಿಯ ತುಂಬ ತಿಂಡಿ ಅಂಗಡಿಗಳೇ. ಒಂದು ಪ್ಲೇಟ್ ಇಡ್ಲಿ ತಂದು, ಕೆಳಗಿನ ನೆಲದವರೆಗೂ ಕಾಣುವ ಗಾಜಿನ ತಡೆಯ ಪಕ್ಕದ ಮೇಜಿನ ಮೇಲಿಟ್ಟೆ. ಅವ್ವ ಕೈಮುಗಿದಳು. ಎಡೆ ಇಟ್ಟ ಮೇಲೆ ನಮ್ಮಲ್ಲಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ನಾವು ನೋಡುತ್ತಿದ್ದರೆ ಹೋದವರು ಬಂದು ಉಣ್ಣುವುದಿಲ್ಲ. ಇಲ್ಲಿ ಮುಚ್ಚಲು ಬಾಗಿಲೇ ಇರಲಿಲ್ಲ. ಇಬ್ಬರೂ ಮೇಜಿಗೆ ಬೆನ್ನು ಮಾಡಿ, ಎದುರಿನ ಐಸ್‌ಕ್ರೀಮ್ ಅಂಗಡಿಯ ಬಣ್ಣದ ದೀಪ ನೋಡುತ್ತ ನಿಂತೆವು.

ಹಿಂದೆ ಪ್ಲೇಟಿನ ಸದ್ದಾಯಿತು. ನಾನು ತಡೆಯಲಾರದೆ ಓರೆಗಣ್ಣಲ್ಲಿ ನೋಡಿದೆ. ಯೂನಿಫಾರ್ಮ್ ತೊಟ್ಟ ಹೆಂಗಸೊಬ್ಬಳು ಇಡ್ಲಿಯನ್ನು ಕಸದ ಡಬ್ಬಿಗೆ ಸುರಿದು, ಮೇಜು ಒರೆಸಿ, ಮುಂದಿನ ಮೇಜಿಗೆ ಹೋದಳು.

ಅವ್ವ ಇನ್ನೂ ತಿರುಗಿರಲಿಲ್ಲ. "ಉಂಡಾನೇನು ನೋಡು," ಎಂದಳು.

"ಉಂಡಾನವ್ವ. ಏನೂ ಬಿಟ್ಟಿಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಎಷ್ಟು ಹಸದಿದ್ನೋ," ಎಂದಳು.