ಕೂಲರ್‌ಗಳು ನಿಂತ ಮೇಲಿನ ಸಂಗೀತ

ನನ್ನ ಗಂಡ ಸಂಗೀತ ರಚಿಸುತ್ತಾನೆ ಎಂದರೆ ದೆಹಲಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವ ಪಿಕ್ಚರಿಗೆ?" ಪಿಕ್ಚರಿಗಲ್ಲ, ಪಿಟೀಲು, ಅದರ ದೊಡ್ಡಣ್ಣನಂಥ ಚೆಲ್ಲೋ ನುಡಿಸುವವರಿಗೆ ಸ್ವರ ಬರೆದುಕೊಡುತ್ತಾನೆ, ಅವರು ಕಾಗದ ನೋಡಿಕೊಂಡು ನುಡಿಸುತ್ತಾರೆ ಎಂದು ವಿವರಿಸುವಷ್ಟರಲ್ಲಿ ಕೇಳಿದವರ ಮುಖ ಬಾಡಿರುತ್ತದೆ. ಈಗೀಗ ನಾನು "ಗುರುಗ್ರಾಮದ ಸ್ಕೂಲಲ್ಲಿ ಮ್ಯೂಸಿಕ್ ಟೀಚರ್" ಎಂದು ಹೇಳಿ ಮುಗಿಸಿಬಿಡುತ್ತೇನೆ. ಅದೂ ಸುಳ್ಳಲ್ಲ. ಬೆಳಿಗ್ಗೆ ಮೆಟ್ರೋ ಹತ್ತಿ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುತ್ತಾನೆ. ನಾನು ಸಚಿವಾಲಯದಲ್ಲಿ ಫೈಲು ತಳ್ಳುವವಳು. ನಾವಿರುವ ಆರ್.ಕೆ.ಪುರಂನ ಕ್ವಾರ್ಟರ್ಸು ನನ್ನ ಹೆಸರಿನಲ್ಲಿದೆ, ಜಗಳವಾದಾಗ ಅದನ್ನು ನೆನಪಿಸಲು ನಾನು ಮರೆತಿಲ್ಲ.

ಅವನ ಸಂಗೀತಕ್ಕೆ ತಾಳ ಹಾಕೋಣವೆಂದರೆ ಕೈಗೆ ಕೆಲಸವೇ ಸಿಗುವುದಿಲ್ಲ. ಒಂದು ಸ್ವರ ಶುರುವಾಯಿತೆಂದರೆ ನಾನು ಒಂದು ಕಟ್ಟು ಮೆಂತ್ಯ ಬಿಡಿಸಿ ಮುಗಿಸಿದರೂ ಅದು ಅಲ್ಲೇ ಇರುತ್ತದೆ. ಮೈಸೂರಿನಲ್ಲಿ ವರ್ಣ, ಕೀರ್ತನೆ ಎಲ್ಲ ಕಲಿತ ಹುಡುಗ ಹೀಗಾದನಲ್ಲ ಎಂದು ನನ್ನ ಅತ್ತೆ ಬಂದಾಗಲೆಲ್ಲ ನನ್ನ ಮುಖ ನೋಡುತ್ತಾರೆ, ನಾನೇ ಕೆಡಿಸಿದ ಹಾಗೆ. ಆದರೆ ಸುಮ್ಮನೆ ಕೂತು ಕೇಳಿದರೆ ಆ ಒಂದೇ ಸ್ವರ ಒಳಗೊಳಗೇ ಬಣ್ಣ ಬದಲಿಸುವುದು ತಿಳಿಯುತ್ತದೆ. ನನಗೆ ಅದು ಇಷ್ಟ. ಅವನ ಮುಂದೆ ಮಾತ್ರ ಹೇಳಿಲ್ಲ, ತಲೆ ಮೇಲೆ ಕೂರುತ್ತಾನೆ.

ಅವನು ತನ್ನ ರಚನೆಗಳಲ್ಲಿ ಪ್ರಾಣ ಇಟ್ಟುಕೊಂಡಿರುವುದು ಒಂದರ ಮೇಲೆ. ಅದು ಹುಟ್ಟಿದ್ದು ನಮ್ಮ ಮದುವೆಯಾದ ಮೊದಲ ಬೇಸಿಗೆಯಲ್ಲಿ. ಮಧ್ಯಾಹ್ನ, ಹೊರಗೆ ಲೂ ಎಂಬ ಬೆಂಕಿಯಂಥ ಬಿಸಿಗಾಳಿ ಬೀಸುತ್ತಿತ್ತು. ಬ್ಲಾಕಿನ ಎಲ್ಲ ಕಿಟಕಿಗಳಲ್ಲೂ ಕೂಲರ್‌ಗಳು ಗುಂಯ್‌ಗುಡುತ್ತಿದ್ದವು, ಮೇಲಿನ ಮನೆಯದ್ದು ಮಾತ್ರ ಸ್ವಲ್ಪ ಅಪಶ್ರುತಿ. ಫಟ್ಟನೆ ಕರೆಂಟು ಹೋಯಿತು. ಎಲ್ಲವೂ ಒಟ್ಟಿಗೇ ನಿಂತವು. ಬನಿಯನ್ನಿನಲ್ಲಿ ಮಲಗಿದ್ದವನು ಎದ್ದು ಕೂತು, "ಕೇಳು" ಅಂದ. ಏನೂ ಕೇಳಿಸಲಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಪಾರಿವಾಳದ ರೆಕ್ಕೆ, ಯಾರದೋ ಮನೆಯ ನಲ್ಲಿ, ನನ್ನದೇ ಉಸಿರು, ಒಂದೊಂದಾಗಿ ಕೇಳಿಸಿದವು. ಅದನ್ನೇ ಅವನು ನಾಲ್ಕು ವಾದ್ಯಗಳಿಗೆ ಬರೆದ. ನಾಲ್ಕೂ ಕೂಲರ್‌ಗಳಂತೆ ಗುಂಯ್‌ಗುಟ್ಟಿ, ಏರಿ ಏರಿ, ಒಮ್ಮೆಲೇ ನಿಲ್ಲುತ್ತವೆ. ಆಮೇಲೆ ಒಂದು ನಿಮಿಷ ಯಾರೂ ಏನೂ ನುಡಿಸುವುದಿಲ್ಲ. ಆ ನಿಮಿಷ ಕಳೆದ ಮೇಲೆ ಚೆಲ್ಲೋದ ಒಂದು ಮೆಲುದನಿ.

ಆ ಒಂದು ನಿಮಿಷ ಅವನಿಗೆ ಎಲ್ಲೂ ದಕ್ಕಲಿಲ್ಲ. ಒಂದು ಕಡೆ ಮುಗಿಯಿತೆಂದು ಚಪ್ಪಾಳೆ ಹೊಡೆದರು. ಗುರುಗ್ರಾಮದ ಅಪಾರ್ಟ್‌ಮೆಂಟ್ ಕ್ಲಬ್ಬಿನಲ್ಲಿ ಜನ ಎದ್ದು ಪನೀರ್ ಪಕೋಡದ ಕಡೆ ನಡೆದೇಬಿಟ್ಟರು. ಇನ್ನೊಂದು ಕಡೆ ಮುಂದಿನ ಸಾಲಿನವರೊಬ್ಬರು ಫೋನೆತ್ತಿ, "ಹಾಂ ಭಯ್ಯಾ, ಗೇಟ್ ನಂಬರ್ ದೋ ಪೆ ಆ ಜಾವೋ" ಎಂದು ಡೆಲಿವರಿಯವನಿಗೆ ದಾರಿ ಹೇಳಿದರು. ನುಡಿಸುವವರಿಗೂ ಸಾಕಾಗಿತ್ತು. "ಸರ್, ಆ ಗ್ಯಾಪ್ ತೆಗೆದುಬಿಡಿ" ಅಂದರು. ಕೊನೆಗೆ ಇವನು, ಕನ್ನಡ ಸಂಘದ ಕಾರ್ಯಕ್ರಮದಲ್ಲೂ ಹೀಗೇ ಆದರೆ ತಾನೇ ಕೈಯಾರೆ ಅದನ್ನು ಹೊಡೆದುಹಾಕುವುದಾಗಿ ಒಪ್ಪಿಕೊಂಡ. ಅದನ್ನು ತೆಗೆದರೆ ಉಳಿಯುವುದು ಬರೀ ಕೂಲರ್ ಸದ್ದು.

ನಮ್ಮ ಸಂಘ ಎಂಥದೆಂದು ನನಗೆ ಗೊತ್ತಿಲ್ಲವೇ? ಮಕ್ಕಳ ನೃತ್ಯಕ್ಕೂ ಬಿಸಿಬೇಳೆಬಾತಿಗೂ ನಡುವೆ ಇವನ ಸಂಗೀತ. ಶುರುವಾಗುವ ಮೊದಲೇ ಕಾರ್ಯದರ್ಶಿ ಬಂದು, "ಮೇಡಂ, ಮಧ್ಯೆ ಒಂದು ಗ್ಯಾಪ್ ಇದೆಯಂತಲ್ಲ, ಅಲ್ಲೇ ಶಾಲು ಹೊದಿಸಿಬಿಡೋಣ್ವಾ? ಟೈಂ ಉಳಿಯತ್ತೆ" ಎಂದರು. "ಆ ಗ್ಯಾಪಲ್ಲಿ ನೀವು ವೇದಿಕೆ ಹತ್ತಿದ್ರೆ ನಿಮಗೇ ಶಾಲು ಸುತ್ತಿ ಕೂರಿಸ್ತೀನಿ" ಎಂದೆ. "ಅಚ್ಛಾ, ಅಚ್ಛಾ" ಎಂದು ನಗುತ್ತಾ ಹೋದರು. ನಾನು ಹೇಳಿದ್ದು ತಲೆಗೆ ಹೋಗಿರಲಿಲ್ಲ.

ನಾಲ್ವರೂ ಚೆನ್ನಾಗಿ ನುಡಿಸಿದರು. ಗುಂಯ್‌ಕಾರ ಏರಿತು, ಒಮ್ಮೆಲೇ ನಿಂತಿತು. ವಾದಕರು ಕಮಾನು ಇಳಿಸಿ ತಲೆ ತಗ್ಗಿಸಿದರು. ಶಾಲು, ಹಣ್ಣಿನ ತಟ್ಟೆ ಹಿಡಿದು ಕಾರ್ಯದರ್ಶಿ ಮೆಟ್ಟಿಲ ಕಡೆ ಹೊರಟದ್ದು ನನಗೆ ಕಂಡಿತು. ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಕೊಡಗಿನ ಹಿರಿಯರೊಬ್ಬರು, ಸೇನೆಯಲ್ಲಿ ಕರ್ನಲ್ ಆಗಿ ನಿವೃತ್ತರಾದವರು, ಎದ್ದು ನೆಟ್ಟಗೆ ನಿಂತರು. ಎಲ್ಲ ಒಟ್ಟಿಗೆ ನಿಂತದ್ದನ್ನೂ ತಗ್ಗಿಸಿದ ತಲೆಗಳನ್ನೂ ನೋಡಿ ಅವರು ಇದನ್ನು ಶ್ರದ್ಧಾಂಜಲಿ ಎಂದುಕೊಂಡಿದ್ದರು. ಕರ್ನಲ್ ಎದ್ದ ಮೇಲೆ ಅವರ ಸಾಲು ಎದ್ದಿತು. ಆ ಸಾಲು ಎದ್ದದ್ದು ನೋಡಿ ಸಭೆಯೇ ಎದ್ದಿತು. "ಮಮ್ಮಾ, ಕೌನ್ ಮರ್ ಗಯಾ?" ಯಾರು ಸತ್ತರು ಎಂದು ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಪಿಸುಗುಟ್ಟಿದಳು. ಅವಳ ಕೈ ಒತ್ತಿ ಹಿಡಿದೆ.

ನಮ್ಮವರಿಗೆ ಸಂಗೀತದ ನಡುವೆ ಸುಮ್ಮನಿರಲು ಬರುವುದಿಲ್ಲ, ನಿಜ. ಮೌನಾಚರಣೆ ಮಾತ್ರ ಚೆನ್ನಾಗಿ ಬರುತ್ತದೆ. ಸಂಘದ ಪ್ರತಿ ಸಭೆಯೂ ಯಾರಿಗಾದರೂ ಒಂದು ನಿಮಿಷ ಎದ್ದು ನಿಂತೇ ಶುರುವಾಗುವುದು. ಕಾರ್ಯದರ್ಶಿ ಕೂಡ ಮೊದಲ ಮೆಟ್ಟಿಲ ಮೇಲೆ ಹಣ್ಣಿನ ತಟ್ಟೆಯೊಂದಿಗೆ ಕಣ್ಣು ಮುಚ್ಚಿ ನಿಂತುಬಿಟ್ಟರು. ಯಾರೂ ಕೆಮ್ಮಲಿಲ್ಲ. ಫ್ಯಾನಿನ ಕಟಕಟ, ಹೊರಗೆ ಅಡುಗೆಯವರ ಸೌಟು, ಪಕ್ಕದವರ ಬಳೆ, ಒಂದೊಂದಾಗಿ ಕೇಳಿಸಿದವು. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಚೆಲ್ಲೋ ಮೆಲ್ಲಗೆ ಶುರುವಾದಾಗ ಕರ್ನಲ್ ಕೂತರು, ಎಲ್ಲರೂ ಕೂತರು. ಮೂಲೆಯಲ್ಲಿದ್ದ ನನ್ನ ಗಂಡ ಮಾತ್ರ ಕೂರಲು ಮರೆತಿದ್ದ.

ಊಟದ ಸಾಲಿನಲ್ಲಿ ಕರ್ನಲ್ ತಟ್ಟೆ ಹಿಡಿದು ಇವನ ಹತ್ತಿರ ಬಂದರು. "ಯಾರು ತೀರಿಕೊಂಡಿದ್ದು ಅಂತ ಅನೌನ್ಸ್ ಮಾಡಲಿಲ್ಲ ನೀವು" ಎಂದರು.

ಇವನು ಕೂಲರ್ ಕಥೆ ಶುರು ಮಾಡಿದರೆ ಕೆಟ್ಟೆವು ಎಂದು ನಾನು ಮೊಣಕೈಯಲ್ಲಿ ತಿವಿಯಲು ಹೋದೆ. ಅಷ್ಟರಲ್ಲಿ ಅವರೇ ಮಾತು ಮುಂದುವರಿಸಿದರು. "ಇರಲಿ ಬಿಡಿ. ನಾನು ನನ್ನ ಮಿಸೆಸ್‌ನ ನೆನೆಸಿಕೊಂಡೆ. ಅವಳು ಹೋದಾಗ ಲಾಕ್‌ಡೌನ್. ಯಾರೂ ಬರೋ ಹಾಗಿರಲಿಲ್ಲ. ಅವಳಿಗೋಸ್ಕರ ನಾಲ್ಕು ಜನ ಎದ್ದು ನಿಲ್ಲೋದು ಆಗಲೇ ಇಲ್ಲ."

ಮೌನದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡಬಲ್ಲ ನನ್ನ ಗಂಡ, "ಇವತ್ತಿಂದು ಅವರಿಗೇ ಸರ್" ಎಂದಷ್ಟೇ ಹೇಳಿದ. ಅವರು ತಲೆಯಾಡಿಸಿ, ಬಾತಿಗೆ ಬೂಂದಿ ಹಾಕಿಸಿಕೊಂಡು ಹೋದರು.

ಆಟೋದಲ್ಲಿ ಮಗಳು ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದಳು. ಇವನು ಏನೋ ಲೆಕ್ಕ ಹಾಕುವವನಂತೆ ಹೊರಗೆ ನೋಡುತ್ತಿದ್ದ.

"ಏನು, ಆ ಗ್ಯಾಪ್ ತೆಗೀತೀಯೋ, ಇಡ್ತೀಯೋ?" ಎಂದು ಕೇಳಿದೆ.

"ಒಂದು ನಿಮಿಷ ಸಾಲಲ್ಲ ಕಣೇ" ಅಂದ. "ಚೆಲ್ಲೋ ಶುರುವಾದಾಗ ನಾನು ಕರ್ನಲ್ ಮುಖಾನೇ ನೋಡ್ತಿದ್ದೆ. ಅವರದ್ದು ಇನ್ನೂ ಮುಗಿದಿರಲಿಲ್ಲ."